ಓದುಗರ ಪ್ರಶ್ನೆ: ಜೂನ್ ಮಳೆಗೂ ಜಗ್ಗದ ಸಂಕಲ್ಪ

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅತ್ತೆ-ಸೊಸೆ ಜಗಳ ಹಿಂದೆ ಸರಿಯುತ್ತದೆ, ಹೊಸ ವರ್ಷದ ಸಂಕಲ್ಪ ಮುಂದೆ ಬರುತ್ತದೆ. ಈ ಸಲ ಉತ್ತರ ಕನ್ನಡದಿಂದಲೇ ಒಂದು ಕಟ್ಟು ಬಂದಿದೆ. ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಕಾರವಾರದಲ್ಲಿ ಆಫೀಸೊಂದರಲ್ಲಿ ಕ್ಲರ್ಕ್. ವಯಸ್ಸು 41. ಶುಗರ್ ಬಾರ್ಡರಿನಲ್ಲಿದೆ, ದಿನಾ ನಡೆಯಿರಿ ಅಂದಿದ್ದಾರೆ ಡಾಕ್ಟರು. ಪ್ರತಿ ಜನವರಿಯಲ್ಲಿ ಟ್ಯಾಗೋರ್ ಬೀಚಿನಲ್ಲಿ ವಾಕಿಂಗ್ ಶುರು ಮಾಡುತ್ತೇನೆ, ತಿಂಗಳು ತುಂಬುವುದರೊಳಗೆ ನಿಂತುಹೋಗುತ್ತದೆ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ, ನನಗೆ ಯಾಕೆ ಆಗುವುದಿಲ್ಲ? ಮನಸ್ಸು ಗಟ್ಟಿ ಇಲ್ಲವಾ?

ಉತ್ತರ: ಮನಸ್ಸಿನ ವಿಷಯ ಆಮೇಲೆ ನೋಡೋಣ. ಮೊದಲು ಆ 21 ದಿನವನ್ನು ಮರೆತುಬಿಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದ ಪುಸ್ತಕದಿಂದ ಹುಟ್ಟಿದ ಮಾತು ಅದು. ಆಪರೇಷನ್ ಆದವರಿಗೆ ಹೊಸ ಮುಖ ತಮ್ಮದೇ ಅನ್ನಿಸಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರು ಬರೆದಿದ್ದರು. ‘ಕಡಿಮೆ ಅಂದರೂ’ ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ವಾಕಿಂಗಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. ಅವರ ಅಧ್ಯಯನ 2009ರಲ್ಲಿ ಬಂತು. 96 ಜನ ತಮಗೆ ಬೇಕಾದ ಒಂದು ಹೊಸ ಅಭ್ಯಾಸ ಆರಿಸಿಕೊಂಡು 12 ವಾರ ಮಾಡಿದರು. ಅದು ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಅಂತ ಲೆಕ್ಕ ಬಂತು. ಕೆಲವರಿಗೆ 18 ದಿನವೇ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು! ನೀರು ಕುಡಿಯುವಂಥದ್ದು ಬೇಗ ಹತ್ತುತ್ತದೆ, ವ್ಯಾಯಾಮ ತಡ. ಅಂದರೆ ಜನವರಿ 1ಕ್ಕೆ ಶುರು ಮಾಡಿದವರು ಮಾರ್ಚ್ ಮೊದಲ ವಾರದವರೆಗೂ ‘ಅಯ್ಯೋ, ಇವತ್ತೂ ಹೋಗಬೇಕಾ’ ಅಂದುಕೊಂಡೇ ಹೋಗಬೇಕಾಗುತ್ತದೆ, ಅದು ಸಹಜ. ನೀವು ಜನವರಿ ಕೊನೆಯಲ್ಲೇ ‘ನನಗೆ ಆಗುವುದಿಲ್ಲ’ ಅಂತ ತೀರ್ಪು ಕೊಟ್ಟುಕೊಂಡುಬಿಡುತ್ತಿದ್ದೀರಿ. ಅದೇ ಅಧ್ಯಯನದಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತೂ ಇದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಹಾಳಾಗುವುದಿಲ್ಲ. ತಪ್ಪಿದ್ದಕ್ಕೆ ಬೇಸರ ಮಾಡಿಕೊಂಡು ಪೂರ್ತಿ ಬಿಡುತ್ತೇವಲ್ಲ, ಹಾಳಾಗುವುದು ಅಲ್ಲಿ.

ಈಗ ಉಪಾಯ. ‘ದಿನಾ ವಾಕಿಂಗ್ ಮಾಡುತ್ತೇನೆ’ ಅಂತ ಬರೆದುಕೊಳ್ಳಬೇಡಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಅಂತ ಬರೆಯಿರಿ. ಆಫೀಸಿನಿಂದ ಬಂದು ಚಾ ಕುಡಿದು ಲೋಟ ತೊಳೆಯಲು ಇಟ್ಟೆ ಅಂದರೆ ಕೂಡಲೇ ಶೂ ಹಾಕುವುದು. ಟಿವಿ ರಿಮೋಟ್ ಮುಟ್ಟುವ ಮುಂಚೆ. ಪೀಟರ್ ಗಾಲ್ವಿಟ್ಸರ್ ಅನ್ನುವ ಮನಃಶಾಸ್ತ್ರಜ್ಞರು ಈ ‘ಹೀಗಾದರೆ ಹೀಗೆ ಮಾಡುತ್ತೇನೆ’ ಅನ್ನುವ ಕ್ರಮದ ಬಗ್ಗೆ 1990ರ ದಶಕದಿಂದಲೂ ಕೆಲಸ ಮಾಡಿದ್ದಾರೆ. ಸುಮ್ನೆ ಆಸೆ ಪಡುವವರಿಗಿಂತ ಹೀಗೆ ಗಂಟು ಹಾಕಿಕೊಂಡವರು ಜಾಸ್ತಿ ಮಾಡಿ ಮುಗಿಸುತ್ತಾರೆ.

ಒಂದು ವಿಷಯ ಮಾತ್ರ ಲಂಡನ್ನಿನವರಿಗೆ ಗೊತ್ತಿರಲಿಕ್ಕಿಲ್ಲ, ನಿಮಗೆ ಗೊತ್ತು. ಜೂನ್ ಮೊದಲ ವಾರ ಮಳೆ ಹಿಡಿಯಿತು ಅಂದರೆ ಸಮುದ್ರ ದಂಡೆಯ ವಾಕಿಂಗ್ ಬಂದ್. ಸಂಕಲ್ಪ ಜನವರಿಯಲ್ಲಿ ಬದುಕಿ ಉಳಿದರೂ ಜೂನ್‌ನಲ್ಲಿ ಸಾಯುತ್ತದೆ. ಹಾಗಾಗಿ ಮಳೆಗಾಲದ ಜಾಗವನ್ನು ಇವತ್ತೇ ಗೊತ್ತು ಮಾಡಿ. ಟೆರೇಸಿಗೆ ಶೀಟ್ ಹೊದಿಸಿದ್ದರೆ ಅದರ ಕೆಳಗೆ ಆ ತುದಿಯಿಂದ ಈ ತುದಿ. ಬಟ್ಟೆ ಒಣ ಹಾಕಿದ ಹಗ್ಗ ತಲೆಗೆ ತಾಗುತ್ತದೆ, ತಾಗಲಿ. ಬೀಚಿನ ಚಂದ ಅಲ್ಲಿಲ್ಲ ನಿಜ, ಶುಗರಿಗೆ ಚಂದ ಗೊತ್ತಾಗುವುದಿಲ್ಲ. ಎಷ್ಟು ಹೊತ್ತು, ಎಷ್ಟು ಜೋರು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದಿದ್ದೇನೆ. ಡೈರಿಯಲ್ಲಿ ಒಂಬತ್ತು ಗುರಿ ಬರೆದಿದ್ದೇನೆ: ತೋಟದ ಲೆಕ್ಕ ಇಡುವುದು, ಚಂಡೆ ಕಲಿಯುವುದು, ವರ್ಷಕ್ಕೆ 50 ಪುಸ್ತಕ ಓದುವುದು, ಬೆಳಿಗ್ಗೆ ಐದಕ್ಕೆ ಏಳುವುದು, ಯೂಟ್ಯೂಬ್ ಚಾನೆಲ್, ಕಾಳುಮೆಣಸು ಹೊಸದಾಗಿ ನೆಡುವುದು, ಹೀಗೆ. ಕಳೆದ ವರ್ಷವೂ ಹೆಚ್ಚು ಕಡಿಮೆ ಇದೇ ಪಟ್ಟಿ, ಒಂದೂ ಆಗಲಿಲ್ಲ. ಲೆಕ್ಕ ಬರೆಯುತ್ತೇನೆ ಅಂದರೆ ಅಪ್ಪಯ್ಯ ನಗುತ್ತಾರೆ, ‘ಎಲ್ಲ ತಲೆಯಲ್ಲೇ ಇದೆ’ ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಪಟ್ಟಿಯನ್ನು ಬೆಂಗಳೂರಿನವರು ಯಾರೋ ಬರೆದ ಹಾಗಿದೆ, ಅಲ್ವಾ? ಕ್ರಿಸ್‌ಮಸ್ ರಜೆ ಮುಗಿಸಿ ಸೋಮವಾರ ಹೊಸದಾಗಿ ಆಫೀಸಿಗೆ ಹೋಗುವವರಿಗೆ ಜನವರಿ 1 ಸರಿ. ಅಡಿಕೆ ತೋಟದವರಿಗೆ ಅದು ಕೊಯ್ಲಿನ ನಡು ಮಧ್ಯ. ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವವ) ಬರುತ್ತೇನೆ ಅಂದ ದಿನ ಬರುವುದಿಲ್ಲ, ಬಂದ ದಿನ ಕೊನೆ ಹೊರಲು ಜನ ಇರುವುದಿಲ್ಲ. ಅಂಗಳದಲ್ಲಿ ಚಾಲಿಗೆ (ಬಿಸಿಲಲ್ಲಿ ಒಣಗಿಸುವ ಅಡಿಕೆಗೆ) ಹರವಿದ್ದು, ಒಲೆಯ ಮೇಲೆ ಕೆಂಪಡಿಕೆ ಬೇಯುತ್ತಿರುವುದು, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವುದು. ಇದರ ನಡುವೆ ಐದಕ್ಕೆ ಎದ್ದು ಪುಸ್ತಕ ಓದುತ್ತೇನೆ ಅಂದರೆ ಯಾವ ಮನುಷ್ಯನಿಗೂ ಆಗುವ ಮಾತಲ್ಲ. ಅಡಿಕೆ ಮುಗಿಯಿತು ಅನ್ನುವಷ್ಟರಲ್ಲಿ ಕಾಳುಮೆಣಸು ಕೊಯ್ಲಿಗೆ ಬರುತ್ತದೆ. ಜಾತ್ರೆಯ ವರ್ಷವಾದರೆ ಮಾರಿಕಾಂಬೆಗೆ ಬರುವ ನೆಂಟರೆಲ್ಲ ನಿಮ್ಮ ಮನೆಯಲ್ಲೇ ಇರುತ್ತಾರೆ.

ಒಂಬತ್ತರಲ್ಲಿ ಎರಡನ್ನು ಇಟ್ಟುಕೊಳ್ಳಿ. ಯಾವ ಎರಡು ಅಂತ ನಾನೇ ಹೇಳಿಬಿಡುತ್ತೇನೆ, ಬೇಡ ಅನ್ನಿಸಿದರೆ ಬದಲಾಯಿಸಿ. ಲೆಕ್ಕ, ಚಂಡೆ. ಯಾಕೆ ಅಂದರೆ ಪತ್ರದಲ್ಲಿ ಇವೆರಡರ ಬಗ್ಗೆ ಮಾತ್ರ ನೀವು ಎರಡೆರಡು ಪುಟ ಬರೆದಿದ್ದೀರಿ (ಇಲ್ಲಿ ಅದನ್ನು ಕತ್ತರಿಸಿದ್ದೇನೆ). 50 ಪುಸ್ತಕದ ಬಗ್ಗೆ ಒಂದೇ ಸಾಲು, ಯಾವ ಪುಸ್ತಕ ಅಂತಲೂ ಇಲ್ಲ. ಅದು ಓದುವ ಆಸೆಯಲ್ಲ, ಸಂಖ್ಯೆಯ ಆಸೆ. ಮೆಣಸು ಹೇಗೂ ತೋಟದ ಕೆಲಸ, ನೆಟ್ಟೇ ನೆಡುತ್ತೀರಿ, ಡೈರಿ ಬೇಕಿಲ್ಲ.

ಲೆಕ್ಕವನ್ನು ಮಾತ್ರ ಈಗಲೇ, ಕೊಯ್ಲಿನ ಗಡಿಬಿಡಿಯಲ್ಲೇ ಶುರು ಮಾಡಬೇಕು, ಏಕೆಂದರೆ ದುಡ್ಡು ಕೈಬಿಟ್ಟು ಹೋಗುವುದೂ ಇದೇ ಹೊತ್ತಿನಲ್ಲಿ. ಎಕ್ಸೆಲ್ ಬೇಡ. ಒಂದು ನೂರು ಪುಟದ ನೋಟ್‌ಬುಕ್, ದಾರ ಕಟ್ಟಿದ ಪೆನ್ನು, ಊಟದ ಮನೆಯ ಗೋಡೆಗೆ ಒಂದು ಮೊಳೆ. ರಾತ್ರಿ ಬಾಳೆ ಹಾಕುವ ಮುಂಚೆ ಮೂರೇ ಸಾಲು: ಇವತ್ತು ಯಾವ ತೋಟ ಎಷ್ಟು ಕೊನೆ, ಯಾರಿಗೆ ಎಷ್ಟು ಕೂಲಿ ಕೊಟ್ಟಾಯಿತು, ಎಷ್ಟು ಬಾಕಿ. ಬರೆಯುವ ಮುಂಚೆ ಅಪ್ಪಯ್ಯನನ್ನು ಕೇಳಿ. ಅವರು ಹೇಳಲಿ, ನೀವು ಬರೆಯಿರಿ. ಅವರ ತಲೆಯ ಲೆಕ್ಕ ಖಂಡಿತ ಸರಿಯೇ ಇರುತ್ತದೆ, ಅದನ್ನು ಪರೀಕ್ಷೆ ಮಾಡಲು ಹೊರಟ ಹಾಗೆ ಕಾಣಬಾರದು ಅಷ್ಟೇ. ವಾರದೊಳಗೆ ಅವರೇ ‘ನಿನ್ನೆದು ಬರೆದ್ಯಾ’ ಅಂತ ಕೇಳಿದರೆ ಆಶ್ಚರ್ಯ ಪಡಬೇಡಿ. ಸುಸ್ತಾದ ದಿನ ಒಂದೇ ಸಾಲು ಬರೆದರೂ ನಡೆಯುತ್ತದೆ.

ಚಂಡೆಗೆ ಜನವರಿ ಅತ್ಯಂತ ಕೆಟ್ಟ ತಿಂಗಳು. ನಿಮಗೂ ಪುರುಸೊತ್ತಿಲ್ಲ, ಕಲಿಸುವವರಿಗೂ ಇಲ್ಲ. ನವೆಂಬರಿನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ, ರಾತ್ರಿ ಆಟ, ಹಗಲು ನಿದ್ದೆ. ಮಳೆ ಶುರುವಾದ ಮೇಲೆ ಕಲಾವಿದರು ಮನೆಯಲ್ಲಿರುತ್ತಾರೆ. ಮಳೆಗೆ ಮುಂಚೆ ಅಡಿಕೆ ಕೊಳೆಯದ ಹಾಗೆ ಕೊನೆಗೆ ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟುವುದೋ ಬೋರ್ಡೋ ದ್ರಾವಣ ಹೊಡೆಯುವುದೋ ಮುಗಿಸಿದರೆ, ಮುಂದಿನ ಔಷಧಿಗೆ ಹೆಚ್ಚು ಕಡಿಮೆ ಒಂದೂವರೆ ತಿಂಗಳು ಅಂತರ ಸಿಗುತ್ತದೆ. ಆ ಹೊತ್ತಿಗೆ ಗುರುಗಳನ್ನು ಈಗಲೇ ಹೋಗಿ ಮಾತಾಡಿಸಿ ಬನ್ನಿ, ಜನವರಿಯಲ್ಲಿ ಚಂಡೆಗಾಗಿ ಮಾಡುವುದು ಅಷ್ಟೇ ಸಾಕು.

ಪ್ರಶ್ನೆ: ತದಡಿ ಕಡೆಯವಳು ನಾನು. ಯಜಮಾನರು ಬೋಟಿಗೆ ಹೋಗುತ್ತಾರೆ, ನಾನು ಮೀನು ಮಾರುತ್ತೇನೆ. ಮಗಳ ಕಾಲೇಜಿಗೆ ಅಂತ ಹೊಸ ವರ್ಷದಿಂದ ತಿಂಗಳಿಗೆ ಸಾವಿರ ರೂಪಾಯಿ ಉಳಿಸಬೇಕು ಅಂತಿದ್ದೇನೆ. ಹಿಂದೆ ಒಂದು ಸಲ ಶುರು ಮಾಡಿ, ಮಳೆಗಾಲದಲ್ಲಿ ಎಲ್ಲ ತೆಗೆದು ಖರ್ಚಾಯಿತು.

ಉತ್ತರ: ನಿಮ್ಮಲ್ಲಿ ತಪ್ಪೇನೂ ಇಲ್ಲ ಅಕ್ಕಾ, ತಿಂಗಳ ಸಂಬಳದವರ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಸಮುದ್ರ ಬಂದ್. ದುಡಿಮೆ ಹತ್ತು ತಿಂಗಳದ್ದು, ಊಟ ಹನ್ನೆರಡು ತಿಂಗಳದ್ದು. ಹಾಗಾಗಿ ಎರಡು ಡಬ್ಬಿ ಬೇಕು. ಮೊದಲನೆಯದು ಮಳೆಗಾಲದ ಅಕ್ಕಿ-ಸಾಮಾನಿಗೆ, ಇದು ಖರ್ಚಾಗಲಿಕ್ಕೇ ಇರುವುದು. ಅದು ಇಲ್ಲದೆ ಮಗಳ ಡಬ್ಬಿ ಉಳಿಯುವುದೇ ಇಲ್ಲ.

ಎರಡನೆಯದಕ್ಕೆ ಪೋಸ್ಟಾಫೀಸಿನ ಆರ್‌ಡಿ (ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ ಖಾತೆ) ನೋಡಿ. 5 ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ನಿಮಗೆ ಮುಖ್ಯವಾದದ್ದು ಏನೆಂದರೆ ಕಂತನ್ನು ಮುಂಗಡವಾಗಿ ಕಟ್ಟಲು ಬರುತ್ತದೆ, ಆರು ಕಂತು ಒಟ್ಟಿಗೆ ಮುಂಗಡ ಕಟ್ಟಿದರೆ ಸ್ವಲ್ಪ ರಿಯಾಯಿತಿಯೂ ಉಂಟು. ಬೋಟಿನ ಪಾಲು ಚೆನ್ನಾಗಿ ಬಂದ ವಾರ ಜೂನ್, ಜುಲೈ ಕಂತನ್ನೂ ಸೇರಿಸಿ ಕಟ್ಟಿಬಿಡಿ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ಅಷ್ಟಕ್ಕೆ ಹೆದರಬೇಡಿ. ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಸಾವಿರಕ್ಕಿಂತ ಐದುನೂರರಿಂದ ಶುರು ಮಾಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೀನು ಇಲ್ಲದ ವರ್ಷವೂ ಬರುತ್ತದೆ.

ಪ್ರಶ್ನೆ: ಅಂಕೋಲಾದ ಡಿಗ್ರಿ ವಿದ್ಯಾರ್ಥಿ. ಗುರಿಯನ್ನು ಎಲ್ಲರಿಗೂ ಹೇಳಿದರೆ ನಾಚಿಕೆಗಾದರೂ ಮಾಡುತ್ತೇವೆ ಅಂತಾರೆ. ಕೆಎಎಸ್ ಓದುತ್ತಿದ್ದೇನೆ ಅಂತ ಸ್ಟೇಟಸ್ ಹಾಕಲಾ?

ಉತ್ತರ: ಬೇಡ ತಮ್ಮಾ. ಮೇಲೆ ಹೇಳಿದ ಗಾಲ್ವಿಟ್ಸರ್ ಅವರೇ 2009ರಲ್ಲಿ ಕಾನೂನು ವಿದ್ಯಾರ್ಥಿಗಳನ್ನೂ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದಾರೆ. ‘ನಾನು ಇಂಥವನಾಗುತ್ತೇನೆ’ ಅನ್ನುವುದನ್ನು ಬೇರೆಯವರು ಗಮನಿಸಿದರೆ ಆಮೇಲಿನ ಶ್ರಮ ಕಡಿಮೆಯಾಗುತ್ತದೆ ಅಂತ ಕಂಡಿತು. ಅರ್ಧ ಆದಂತೆಯೇ ಅನ್ನಿಸಿಬಿಡುತ್ತದೆ. ಒಬ್ಬರಿಗೆ ಹೇಳಿ, ಪ್ರತಿ ಭಾನುವಾರ ‘ಈ ವಾರ ಎಷ್ಟು ಪಾಠ ಆಯಿತು’ ಅಂತ ಮುಖ ನೋಡಿ ಕೇಳುವವರಿಗೆ.

ಪ್ರಶ್ನೆ: ನಮ್ಮ ಹೊಸ ವರ್ಷ ಯುಗಾದಿ. ಜನವರಿಗೆ ಸಂಕಲ್ಪ ಮಾಡುವುದು ಸರಿಯಾ? (ಕುಮಟಾ)

ಉತ್ತರ: ಎರಡಕ್ಕೂ ಮಾಡಿ. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರದ ಆರಂಭ, ತಿಂಗಳ ಆರಂಭ, ಹುಟ್ಟುಹಬ್ಬದ ನಂತರದ ದಿನಗಳಲ್ಲೂ ಜನ ಜಿಮ್ಮಿಗೆ ಜಾಸ್ತಿ ಹೋಗುತ್ತಾರೆ ಅಂತ ಕಂಡಿದೆ. ಮನಸ್ಸಿಗೆ ಒಂದು ಹೊಸ ಪುಟ ಬೇಕು, ಕ್ಯಾಲೆಂಡರ್ ಯಾವುದಾದರೇನು? ಜನವರಿಯದ್ದು ಮುರಿದರೆ ಯುಗಾದಿ ಇದ್ದೇ ಇದೆ.

ಪ್ರಶ್ನೆ: ಹೊನ್ನಾವರದ ನಿವೃತ್ತ ಮಾಸ್ತರ್ ನಾನು, 68 ವರ್ಷ. ಮಕ್ಕಳು ‘ಅಪ್ಪಾ, ನಿಮಗೂ ಒಂದು ಗೋಲ್ ಬೇಕು’ ಅಂತ ಹಿಂಸೆ ಕೊಡುತ್ತಾರೆ. ಈ ವಯಸ್ಸಿಗೆ ಎಂಥ ಗುರಿ? ಹಳೆಯ ಫೋಟೋಗಳ ಒಂದು ಪೆಟ್ಟಿಗೆ ಇದೆ, ಅದರಲ್ಲಿ ಯಾರ್ಯಾರು ಅಂತ ಬರೆದಿಡಬೇಕು ಅಂತ ಬಹಳ ದಿನದಿಂದ ಇದೆ, ಅಷ್ಟೇ.

ಉತ್ತರ: ಸರ್, ಗುರಿ ಇಲ್ಲದೆ ಆರಾಮಾಗಿರುವ ಹಕ್ಕು ನಿಮಗೆ ಪೂರ್ತಿ ಇದೆ, ಮಕ್ಕಳಿಗೆ ಹಾಗೆಯೇ ಹೇಳಿ. ಆದರೆ ಆ ಪೆಟ್ಟಿಗೆಯನ್ನು ‘ಅಷ್ಟೇ’ ಅಂದುಬಿಟ್ಟಿರಲ್ಲ! ಆ ಮುಖಗಳ ಹೆಸರು ಗೊತ್ತಿರುವವರು ನಿಮ್ಮ ಮನೆಯಲ್ಲಿ ಈಗ ನೀವೊಬ್ಬರೇ ಇರಬಹುದು. ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ನಾಲ್ಕೈದು ಫೋಟೋ ಸಾಕು. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್ ಪೆನ್ ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ. ಗುರುತು ಸಿಗದವರ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನೆಂಟರಲ್ಲಿ ಹಿರಿಯರು ಯಾರಿದ್ದಾರೋ ಅವರಿಗೆ ಕಳಿಸಿ, ಫೋನೂ ಮಾಡಿ. ಮೇ ತಿಂಗಳೊಳಗೆ ಮುಗಿಸಿಕೊಳ್ಳಿ, ನಿಮ್ಮ ಕಡೆಯ ಮಳೆಗಾಲದ ಬೂಷ್ಟು ಟ್ರಂಕಿನೊಳಗೂ ಬರುತ್ತದೆ. ಒಂದಕ್ಕೊಂದು ಅಂಟಿಕೊಂಡ ಫೋಟೋಗಳನ್ನು ಮಾತ್ರ ಕೈಯಲ್ಲಿ ಎಳೆದು ಬಿಡಿಸಲು ಹೋಗಬೇಡಿ, ಹಾಗೇ ಸ್ಟುಡಿಯೋದವರಿಗೆ ತೋರಿಸಿ.