‘ತೂರಾಡುತ್ತಾ ಹೋದ’ ಅನ್ನೋಕೆ ಇಂಗ್ಲಿಷಿನಲ್ಲಿ ಒಂದೇ ಪದ ಸಾಕು

ಪ್ರಶ್ನೆ: ಗಂಗಾವತಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಸ್ಟ್ಯಾಗರ್, ಟಾಟರ್, ಸ್ಟ್ರೋಲ್, ಸಾಂಟರ್, ಆ್ಯಂಬಲ್, ಯಾವುದನ್ನು ಡಿಕ್ಷನರಿಯಲ್ಲಿ ನೋಡಿದರೂ ‘ನಡೆ’ ಅಂತಲೇ ಇರುತ್ತೆ. ಬಾಯಿಪಾಠ ಮಾಡಿದ್ದು ಎರಡೇ ದಿನಕ್ಕೆ ಮರೆತುಹೋಗುತ್ತೆ. ವಾಕ್ಯದಲ್ಲಿ ಹಾಕಿದರೆ ಮೇಡಂ ಕೆಂಪು ಗೆರೆ ಎಳೆಯುತ್ತಾರೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ ಕೆಂಪು ಗೆರೆಯ ವಿಷಯ. ನೀವು ‘ಹಿ ವಾಕ್ಡ್ ಸ್ಟ್ಯಾಗರಿಂಗ್ಲಿ ಟು ಹೋಮ್’ ಅಂತ ಬರೆದಿರಬೇಕು, ಅಲ್ವಾ? ನನ್ನ ಕ್ಲಾಸಿನಲ್ಲೂ ವರ್ಷಾ ವರ್ಷ ಇದೇ ತಪ್ಪು. ಕನ್ನಡದಲ್ಲಿ ನಾವು ‘ತೂರಾಡುತ್ತಾ ಮನೆಗೆ ಹೋದ’ ಅನ್ನುತ್ತೇವೆ. ಹೇಗೆ ಅನ್ನೋದಕ್ಕೆ ಒಂದು ಪದ, ಹೋದದ್ದಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಕ್ರಿಯಾಪದದಲ್ಲಿ ಬಂದುಬಿಡುತ್ತೆ: ‘ಹಿ ಸ್ಟ್ಯಾಗರ್ಡ್ ಹೋಮ್’. ಪಕ್ಕದಲ್ಲಿ ವಾಕ್ ಬೇಡವೇ ಬೇಡ. ಎತ್ತ ಹೋದ ಅನ್ನೋದನ್ನು ಇನ್, ಔಟ್, ಅಕ್ರಾಸ್ ಥರದ ಸಣ್ಣ ಪದ ಹೇಳುತ್ತೆ.

ಇನ್ನು ಅರ್ಥ. ಯಾರ ಕಾಲು, ಯಾಕೆ ಹಾಗೆ ಬೀಳುತ್ತಿದೆ ಅಂತ ನೋಡಿ. ನಿಮ್ಮೂರಿನ ರೈಸ್ ಮಿಲ್ ಮುಂದೆ ಹಮಾಲರು ಭತ್ತದ ಚೀಲ ಬೆನ್ನಿಗೆ ಹೊತ್ತು ಬರುವಾಗ ಒಮ್ಮೊಮ್ಮೆ ಭಾರಕ್ಕೆ ಹೆಜ್ಜೆ ಪಕ್ಕಕ್ಕೆ ಎಳೆಯುತ್ತೆ, ಮೊಣಕಾಲು ಮಡಚಿ ಮತ್ತೆ ನೆಟ್ಟಗಾಗುತ್ತೆ, ಆದರೂ ಚೀಲ ಬಿಡಲ್ಲ. ಅದು ಸ್ಟ್ಯಾಗರ್. ಕುಡಿದವರಿಗೂ ಪೆಟ್ಟು ತಿಂದವರಿಗೂ ಅದೇ ಪದ. ಟಾಟರ್ ಹಾಗಲ್ಲ, ಅಲ್ಲಿ ಕಾಲಿಗೇ ಶಕ್ತಿ ಇರಲ್ಲ. ಜ್ವರ ಬಿಟ್ಟು ಎದ್ದ ಅಜ್ಜಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರಲ್ಲ, ಹಾಗೆ. ಅಂಜನಾದ್ರಿಯ 575 ಮೆಟ್ಟಿಲು ಇಳಿದ ಮೇಲೆ ಕಾಲು ಗಡಗಡ ಅನ್ನೋದಕ್ಕೆ ವಾಬಲ್. ಬಾತುಕೋಳಿಯ ನಡಿಗೆ ವಾಡಲ್, ಆದರೆ ಮನುಷ್ಯರ ಬಗ್ಗೆ ಅದನ್ನು ಹೇಳಬೇಡಿ, ಕೇಳಿದವರಿಗೆ ನೋವಾಗುತ್ತೆ.

ಈ ವಾಬಲ್, ವಾಡಲ್, ಜೊತೆಗೆ ಹಾಬಲ್ (ಕುಂಟುತ್ತಾ ನಡೆ), ಷಫಲ್ (ಕಾಲೆಳೆಯುತ್ತಾ ನಡೆ), ಇವುಗಳ ಕೊನೆಯ ‘ಲ್’ ಇದೆಯಲ್ಲ, ಸಣ್ಣ ಚಲನೆ ಮತ್ತೆ ಮತ್ತೆ ಆಗುತ್ತಿದೆ ಅಂತ ಹೇಳುವ ಹಳೆಯ ಪ್ರತ್ಯಯ ಅದು. ನಮ್ಮಲ್ಲಿ ಆ ಕೆಲಸ ‘ಆಡು’ ಮಾಡುತ್ತೆ: ತೂರಾಡು, ಓಲಾಡು, ಹೊಯ್ದಾಡು. ಇದು ಹೊಳೆದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಆ್ಯಂಬಲ್ ಮಾತ್ರ ಆ ಗುಂಪಿನದಲ್ಲ. ನಡೆಯೋದು ಅನ್ನುವ ಅರ್ಥದ ಲ್ಯಾಟಿನ್ ‘ಆಂಬುಲಾರೆ’ಯಿಂದ ಬಂದದ್ದು. ಆ್ಯಂಬುಲೆನ್ಸ್ ಕೂಡ ಅದೇ ಬೇರಿನದು, ಸೈನ್ಯದ ಜೊತೆ ಸಾಗುತ್ತಿದ್ದ ಆಸ್ಪತ್ರೆಗೆ ಫ್ರೆಂಚರು ಕೊಟ್ಟ ಹೆಸರು. ಆ್ಯಂಬಲ್ ಅಂದರೆ ಅವಸರವೇ ಇಲ್ಲದ ನಡಿಗೆ. ಸ್ಟ್ರೋಲ್ ನಮ್ಮ ‘ಅಡ್ಡಾಡು’: ಗವಿಮಠದ ಜಾತ್ರೆಯಲ್ಲಿ ಏನೂ ಕೊಳ್ಳದೆ ಸುಮ್ನೆ ಅಂಗಡಿ ಸಾಲು ನೋಡುತ್ತಾ ಹೋಗೋದು. ಸಾಂಟರ್‌ನಲ್ಲಿ ಸ್ವಲ್ಪ ಗತ್ತು ಜಾಸ್ತಿ. ಬೆಲ್ ಹೊಡೆದು ಹತ್ತು ನಿಮಿಷ ಆದ ಮೇಲೆ ಯಾವ ಚಿಂತೆಯೂ ಇಲ್ಲದೆ ಒಳಗೆ ಬರುವ ಹುಡುಗ ‘ಸಾಂಟರ್ಡ್ ಇನ್’.

ಇವತ್ತು ಸಂಜೆ ನೋಟ್‌ಬುಕ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಐದು ಜನರ ನಡಿಗೆ ನೋಡಿ, ವಾಕ್ ಅನ್ನುವ ಪದ ಮುಟ್ಟದೆ ಐದು ವಾಕ್ಯ ಬರೆದು ಕಳಿಸಿ. ತಿದ್ದಿ ಕೊಡುತ್ತೇನೆ.