ಝರಿಯಾಗೆ ಮಗನನ್ನು ಕರೆದುಕೊಂಡು ಹೋಗುವ ಬಗ್ಗೆ

ಅಕ್ಕ, ಯಜಮಾನರಿಗೆ ಜಾರ್ಖಂಡ್‌ನ ಕಲ್ಲಿದ್ದಲು ಗಣಿ ಊರು ಝರಿಯಾ ಹತ್ತಿರ ವರ್ಗವಾಗಿದೆ, ಉಬ್ಬಸ ಇರುವ 6 ವರ್ಷದ ಮಗನನ್ನು ಸೋಮವಾರಪೇಟೆಯಿಂದ ಅಲ್ಲಿಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೀರಿ. ಮೊದಲು ಯಜಮಾನರೊಬ್ಬರೇ ಹೋಗಿ ಮನೆ ನೋಡಲಿ.

ಅಲ್ಲಿ 1916ರಿಂದಲೂ ನೆಲದಡಿ ಕಲ್ಲಿದ್ದಲು ಉರಿಯುತ್ತಿದೆ. ಬಿರುಕುಗಳಿಂದ ಬರುವ ಹೊಗೆಯಲ್ಲಿ ಗಂಧಕದ ಅನಿಲ ಇರುತ್ತದೆ, ಅದು ಉಬ್ಬಸವನ್ನು ಬೇಗ ಕೆರಳಿಸುತ್ತದೆ. ಶ್ವಾಸಕೋಶ ಕಪ್ಪಾಗುವ ಕಾಯಿಲೆ ಮುಖ್ಯವಾಗಿ ಗಣಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬರುವಂಥದ್ದು. ಮಗನಿಗೆ ಆ ಅನಿಲದ ಜೊತೆಗೆ ತೊಂದರೆ ಕೊಡುವುದು 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ದೂಳು. ಅದು ಮೂಗಿನಲ್ಲಿ ನಿಲ್ಲದೆ ಆಳಕ್ಕೆ ಇಳಿಯುತ್ತದೆ. ಕರ್ಚೀಫ್ ಕಟ್ಟಿದರೆ ಸಾಲದು.

ಕಲ್ಲಿದ್ದಲು ಲಾರಿ ಓಡಾಡುವ ರಸ್ತೆ ಬದಿಯ ಮನೆ ಬೇಡವೇ ಬೇಡ. ನನ್ನ ತಂಗಿ ಅಂಥ ಮನೆಯಲ್ಲಿದ್ದಳು. ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು! ಪೊರಕೆ ಹಿಡಿದರೆ ದೂಳು ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು.

ನಮ್ಮಲ್ಲಿ ಮಳೆಗಾಲದ ಬೂಸ್ಟಿಗೆ ಉಬ್ಬಸ ಜಾಸ್ತಿ ಅಲ್ವಾ, ಅಲ್ಲಿ ಚಳಿಗಾಲ ಕೆಟ್ಟದ್ದು. ಗಾಳಿ ಆಡದೆ ಹೊಗೆ ಕೆಳಗೇ ನಿಲ್ಲುತ್ತದೆ. ಹೊರಡುವ ಮುಂಚೆ ಮಡಿಕೇರಿಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ. ದಿನಾ ಕೊಡುವ ಇನ್‌ಹೇಲರ್ ಯಾವುದು, ಉಸಿರು ಕಟ್ಟಿದಾಗ ಕೊಡುವುದು ಯಾವುದು ಎಂದು ಬರೆಸಿಕೊಳ್ಳಿ. ಮಾತಾಡಲೂ ಆಗದಷ್ಟು ಏದುಸಿರು ಬಂದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.