ಕುಸಿದ ಬೆನ್ನುಮೂಳೆಗೆ ಸಿಮೆಂಟ್: ಯಾರಿಗೆ, ಯಾವಾಗ?

ಪ್ರಶ್ನೆ: ತಾಯಿಗೆ 74 ವರ್ಷ. ಮೂರು ವಾರದ ಹಿಂದೆ ಬಗ್ಗಿ ಬಕೆಟ್ ಎತ್ತುವಾಗ ಬೆನ್ನು ಚಳಕ್ ಎಂದಿತು. ಸೊಂಟದ ಮೊದಲ ಮೂಳೆ ಕುಸಿದಿದೆ ಎಂದು ಎಕ್ಸ್‌ರೇ ಹೇಳುತ್ತಿದೆ. ಮಾತ್ರೆ ನುಂಗಿದರೂ ಮಗ್ಗುಲು ಬದಲಿಸಲಾಗುತ್ತಿಲ್ಲ. ಸೂಜಿಯಲ್ಲಿ ಸಿಮೆಂಟ್ ತುಂಬಿಸಬಹುದೇ?

ಉತ್ತರ: ತುಂಬಿಸಬಹುದು. ಆದರೆ ನೋಯುತ್ತಿರುವುದು ಆ ಮೂಳೆಯೇ ಎಂದು ಮೊದಲು ಖಾತ್ರಿಯಾಗಬೇಕು. ಮೂಳೆ ಕುಸಿದಿದೆ ಎಂದು ಎಕ್ಸ್‌ರೇ ತೋರಿಸುತ್ತದೆ, ಯಾವಾಗ ಕುಸಿಯಿತೆಂದು ತೋರಿಸುವುದಿಲ್ಲ. ಹತ್ತು ವರ್ಷ ಹಳೆಯ ಕುಸಿತವೂ ಅದರಲ್ಲಿ ಹಾಗೆಯೇ ಕಾಣುತ್ತದೆ. ಎಂಆರ್‌ಐ ಮಾಡಿಸಿ, ಮೂಳೆಯೊಳಗಿನ ಊತವನ್ನು ಎತ್ತಿ ತೋರಿಸುವ ‘ಸ್ಟಿರ್’ ಚಿತ್ರಗಳು ಇರಲೇಬೇಕೆಂದು ಕೇಳಿ. ಹೊಸ ಮುರಿತವಾದರೆ ಊದಿದ ಮಜ್ಜೆ ಬೆಳ್ಳಗೆ ಹೊಳೆಯುತ್ತದೆ. ವಾಸಿಯಾದ ಮೂಳೆ ಹೊಳೆಯುವುದಿಲ್ಲ, ಅದಕ್ಕೆ ಸಿಮೆಂಟ್ ಹಾಕಿ ಫಲವಿಲ್ಲ. ಹೊಳೆಯುವ ಮೂಳೆಯ ಮಟ್ಟದಲ್ಲೇ ಬೆನ್ನು ತಟ್ಟಿದಾಗ ನೋವು ಬಂದರೆ ಇನ್ನೂ ಒಳ್ಳೆಯ ಸಾಕ್ಷಿ.

ಇಂಥ ಮುರಿತಗಳಲ್ಲಿ ಹೆಚ್ಚಿನವು 6ರಿಂದ 12 ವಾರಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ, ಆದ್ದರಿಂದ ಎಲ್ಲರಿಗೂ ಸೂಜಿ ಬೇಕಿಲ್ಲ. ವೈದ್ಯಲೋಕದಲ್ಲೇ ಈ ಬಗ್ಗೆ ಒಮ್ಮತವಿಲ್ಲ. 2009ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ, ಸಿಮೆಂಟ್ ಹಾಕಿಸಿಕೊಂಡವರಿಗೂ ಹಾಕಿದಂತೆ ನಟಿಸಿ ಕಳಿಸಿದವರಿಗೂ ನೋವು ಹೆಚ್ಚುಕಡಿಮೆ ಒಂದೇ ಸಮನಾಗಿ ತಗ್ಗಿತ್ತು. ಅವರಲ್ಲಿ ಮುರಿದು ಹಲವು ತಿಂಗಳಾದವರೂ ಇದ್ದರು. 2016ರ ಅಧ್ಯಯನ ಆರು ವಾರದೊಳಗಿನ, ತೀವ್ರ ನೋವಿನವರನ್ನಷ್ಟೇ ಆರಿಸಿಕೊಂಡಿತು. ಅಲ್ಲಿ ಲಾಭ ಕಂಡಿತು. 2018ರ ಇನ್ನೊಂದು ಅಧ್ಯಯನದಲ್ಲಿ ಮತ್ತೆ ಕಾಣಲಿಲ್ಲ. ನಮ್ಮ ಅಭಿಪ್ರಾಯ ಇಷ್ಟು: ಮುರಿತ ಹೊಸದಾಗಿದ್ದು, ಔಷಧಕ್ಕೆ ಬಗ್ಗದ ನೋವು ವಯಸ್ಸಾದವರನ್ನು ಹಾಸಿಗೆಗೆ ಅಂಟಿಸಿದ್ದರೆ ಮೂರು ತಿಂಗಳು ಕಾಯುವುದು ಸರಿಯಲ್ಲ. ಮಲಗಿದಲ್ಲೇ ಸ್ನಾಯು ಕರಗುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ, ನ್ಯುಮೋನಿಯಾ ಬರುತ್ತದೆ. ನಿಮ್ಮ ತಾಯಿ ಈ ಗುಂಪಿಗೆ ಸೇರುವಂತಿದೆ.

ಕಾಲು ಸೋಲುವುದು, ಮೂತ್ರ ಕಟ್ಟುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಲೆಕ್ಕ ಬದಲಾಗುತ್ತದೆ. ನರ ಒತ್ತಿಹೋಗಿರುವುದೋ, ಸೋಂಕೋ, ಗಡ್ಡೆಯೋ ಎಂದು ತಕ್ಷಣ ನೋಡಬೇಕು.

ಪ್ರಶ್ನೆ: ಸಿಮೆಂಟ್ ತುಂಬುವುದಕ್ಕೆ ವರ್ಟಿಬ್ರೋಪ್ಲಾಸ್ಟಿ, ಕೈಫೋಪ್ಲಾಸ್ಟಿ ಎನ್ನುತ್ತಾರೆ. ಎರಡೂ ಒಂದೇನಾ? ಹೇಗೆ ಮಾಡುತ್ತಾರೆ?

ಉತ್ತರ: ದಾರಿ ಒಂದೇ, ತುಂಬುವ ಬಗೆ ಬೇರೆ. ರೋಗಿಯನ್ನು ಬೋರಲು ಮಲಗಿಸಿ, ಚರ್ಮದಿಂದ ಮೂಳೆಯ ಹೊದಿಕೆಯವರೆಗೆ ಮರಗಟ್ಟಿಸಿ, ಮಂಪರಿನ ಮದ್ದು ಕೊಡುತ್ತಾರೆ. ಕೆಲವು ಮಿಲಿಮೀಟರ್‌ನಷ್ಟು ಚರ್ಮ ಸೀಳಿ, 11 ಅಥವಾ 13 ಗೇಜ್ ದಪ್ಪದ ಸೂಜಿಯನ್ನು ಕುಸಿದ ಮೂಳೆಯ, ಅಂದರೆ ಆ ಕಶೇರುವಿನ, ಹಿಂದಿನ ಮೂಳೆಸೇತುವೆಯಾದ ಪೆಡಿಕಲ್ ಮೂಲಕ ಒಳಗೆ ಇಳಿಸುತ್ತಾರೆ. ಎಕ್ಸ್‌ರೇ ಯಂತ್ರದಲ್ಲಿ ಎದುರಿನಿಂದಲೂ ಪಕ್ಕದಿಂದಲೂ ನೋಡುತ್ತಲೇ ಸಾಗಬೇಕು. ಪಕ್ಕದ ಚಿತ್ರದಲ್ಲಿ ಸೂಜಿಯ ಮೊನೆ ಕಶೇರುವಿನ ಹಿಂಗೋಡೆ ಮುಟ್ಟುವ ಮುನ್ನವೇ ಎದುರಿನ ಚಿತ್ರದಲ್ಲಿ ಪೆಡಿಕಲ್‌ನ ಒಳಗೋಡೆ ದಾಟಿದ್ದರೆ, ಸೂಜಿ ನರವಿರುವ ಕಾಲುವೆಗೆ ಹೋಗಿದೆ ಎಂದೇ ಅರ್ಥ. ತಜ್ಞರ ಕೈಚಳಕವೆಲ್ಲ ಇರುವುದು ಈ ಎರಡು ಸೆಂಟಿಮೀಟರ್‌ನಲ್ಲಿ.

ವರ್ಟಿಬ್ರೋಪ್ಲಾಸ್ಟಿಯಲ್ಲಿ ಸಿಮೆಂಟನ್ನು ನೇರವಾಗಿ ಮೂಳೆಗೆ ತುಂಬುತ್ತಾರೆ. ಕೈಫೋಪ್ಲಾಸ್ಟಿಯಲ್ಲಿ ಅದಕ್ಕೂ ದಪ್ಪ ಕೊಳವೆಯಿಂದ ಪುಟ್ಟ ಬಲೂನು ಇಳಿಸಿ ಉಬ್ಬಿಸಿ, ತೆಗೆದು, ಉಳಿದ ಪೊಳ್ಳಿಗೆ ಗಟ್ಟಿ ಸಿಮೆಂಟನ್ನು ಕಡಿಮೆ ಒತ್ತಡದಲ್ಲಿ ತುಂಬುತ್ತಾರೆ. ಕುಸಿದ ಎತ್ತರ ಸ್ವಲ್ಪ ಮರಳಬಹುದು, ಸೋರಿಕೆಯೂ ಕಡಿಮೆ. ನೋವು ತಗ್ಗಿಸುವುದರಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿಲ್ಲ.

ಪ್ರಶ್ನೆ: ಸಿಮೆಂಟ್ ಸೋರಿದರೆ?

ಉತ್ತರ: ಇದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಂಟು, ಎಕ್ಸ್‌ರೇಯಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟ್ ಬೆರೆತಿರುತ್ತದೆ. ತೆಳ್ಳಗಿರುವಾಗಲೇ ಆತುರದಿಂದ ಒತ್ತಿದರೆ ರಕ್ತನಾಳಕ್ಕೆ ನುಗ್ಗಿ ಶ್ವಾಸಕೋಶಕ್ಕೂ ತಲುಪಬಹುದು. ಆದ್ದರಿಂದ ಟೂತ್‌ಪೇಸ್ಟಿನ ಹದ ಬರುವವರೆಗೆ ಕಾಯಬೇಕು. ಒಂದು ಮೂಳೆಗೆ ಸಾಮಾನ್ಯವಾಗಿ 2ರಿಂದ 6 ಮಿಲಿಲೀಟರ್ ಸಾಕು. ಹೆಚ್ಚು ತುಂಬಿದಷ್ಟೂ ನೋವು ಹೆಚ್ಚು ಇಳಿಯುತ್ತದೆ ಎಂಬುದು ತಪ್ಪು. ಪಕ್ಕದ ಚಿತ್ರದಲ್ಲಿ ಸಿಮೆಂಟ್ ಕಶೇರುವಿನ ಹಿಂದಿನ ಕಾಲುಭಾಗ ಮುಟ್ಟಿದೊಡನೆ ನಿಲ್ಲಿಸಬೇಕು. ಸೋರಿಕೆಗಳಲ್ಲಿ ಬಹುಪಾಲು ಸಣ್ಣವು, ತೊಂದರೆ ಕೊಡವು. ನರದ ಮೇಲೆ ಸುರಿದರೆ ಮಾತ್ರ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಪ್ರಶ್ನೆ: ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದೇನೆ. ನಿಲ್ಲಿಸಲೇ?

ಉತ್ತರ: ನೀವಾಗಿ ನಿಲ್ಲಿಸಬೇಡಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ. ಅದನ್ನು ಬರೆದುಕೊಟ್ಟ ವೈದ್ಯರೂ ಸೂಜಿ ಹಾಕುವವರೂ ಮಾತಾಡಿಕೊಂಡು ಹೇಳಲಿ.

ಪ್ರಶ್ನೆ: ಸಿಮೆಂಟ್ ಹಾಕಿಸಿ ನೋವು ಹೋಯಿತು. ಎರಡು ತಿಂಗಳಲ್ಲಿ ಮೇಲಿನ ಮೂಳೆಯೂ ಕುಸಿಯಿತು. ಯಾಕೆ?

ಉತ್ತರ: ಸಿಮೆಂಟ್ ಹಿಡಿದದ್ದು ಒಂದು ಮೂಳೆಯನ್ನು. ಟೊಳ್ಳಾಗಿರುವುದು ಇಡೀ ಅಸ್ಥಿಪಂಜರ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ, ಆದರೆ ಅಂಕ ಟೊಳ್ಳುಮೂಳೆಯ ಗಡಿಯಾದ -2.5ಕ್ಕಿಂತ ಮೇಲಿದೆ ಎಂದು ನಿಶ್ಚಿಂತರಾಗಬೇಡಿ. ಸಣ್ಣ ಪೆಟ್ಟಿಗೇ ಬೆನ್ನುಮೂಳೆ ಕುಸಿದದ್ದೇ ಟೊಳ್ಳುಮೂಳೆಗೆ ಚಿಕಿತ್ಸೆ ಶುರುಮಾಡಲು ಸಾಕಷ್ಟು ಕಾರಣ. ಜೊತೆಗೆ ಮೈಲೋಮಾ (ಮಜ್ಜೆಯ ಕ್ಯಾನ್ಸರ್), ಥೈರಾಯ್ಡ್, ಪ್ಯಾರಾಥೈರಾಯ್ಡ್, ವಿಟಮಿನ್ ಡಿ ರಕ್ತಪರೀಕ್ಷೆಗಳೂ ಆಗಲಿ. ಟೊಳ್ಳುಮೂಳೆಗೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿದ್ದು, ಇತ್ತೀಚೆಗೆ ತಪ್ಪಿಸಿದ್ದೀರಾ? ಆರು ತಿಂಗಳಿಗೊಮ್ಮೆಯ ಆ ಮದ್ದನ್ನು ಬದಲಿ ಔಷಧವಿಲ್ಲದೆ ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ. ತಪ್ಪಿದ್ದರೆ, ಎರಡನೇ ಮೂಳೆಗೆ ಸಿಮೆಂಟ್ ಹಾಕಿಸುವ ಮೊದಲೇ ಅದನ್ನು ವೈದ್ಯರಿಗೆ ತಿಳಿಸಿ.